ಹೋದ ವರ್ಷದ ಗೆರೆ ನುಣುಪು, ಈ ವರ್ಷದ್ದು ಗರಗಸ: ತೋಟದ ಸೆನ್ಸರ್ ಲೆಕ್ಕ ಓದುವುದು, ಇಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಸರ್, ಚನ್ನಗಿರಿ ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆ ಅಡಿಕೆ ತೋಟ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹೊಡೆಸಿ ತೋಟ ಉಳಿಸಿಕೊಂಡೆವು. ಅದೇ ಮಳೆಗಾಲದಲ್ಲಿ ಮಣ್ಣಿನ ತೇವಕ್ಕೆ ಎರಡು ಸೆನ್ಸರ್, ಬೋರಿನ ನೀರಿನ ಮಟ್ಟಕ್ಕೆ ಒಂದು, ಡ್ರಿಪ್ ಲೈನಿಗೆ ನೀರಿನ ಮೀಟರ್, ಒಂದು ಮಳೆಮಾಪಕ ಹಾಕಿಸಿದೆವು. ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಮೊಬೈಲಿಗೆ ಬರುತ್ತದೆ. ಈಗ 2025ರ ಏಪ್ರಿಲ್ ಮತ್ತು 2026ರ ಏಪ್ರಿಲ್ ಪಕ್ಕಪಕ್ಕ ಇಟ್ಟು ನೋಡಿದರೆ ತೇವದ ಗೆರೆ ಹೋದ ವರ್ಷ ನುಣುಪಾಗಿದೆ, ಈ ವರ್ಷ ಗರಗಸದ ಹಲ್ಲಿನಂತಿದೆ. ಬೋರಿನ ನೀರು 223 ಅಡಿಯಿಂದ 233 ಅಡಿಗೆ ಇಳಿದಿದೆ. ನಮ್ಮ ಅಣ್ಣ ಹೊಸ ಬೋರು ಕೊರೆಸೋಣ ಎನ್ನುತ್ತಾರೆ. ನಾನು ಲೆಕ್ಕವನ್ನು ಎಕ್ಸೆಲ್‌ಗೆ ಇಳಿಸಿದೆ. ಬೆಳಿಗ್ಗೆ ಆರಕ್ಕೆ ಹಾಕಿದ ಮೋಟರು ಅದರಲ್ಲಿ ರಾತ್ರಿ ಹನ್ನೆರಡೂವರೆಗೆ ಅಂತಿದೆ. ನೀರಿನ ಮೀಟರಿನ ಕಾಲಂ ಕೂಡಿಸಿದರೆ ಈ ಏಪ್ರಿಲ್ ಒಂದಕ್ಕೇ 3,370 ಕೋಟಿ ಲೀಟರ್ ಬಂತು! ಜೂನ್‌ಗೆ ಚಂದಾ ಮುಗಿಯುತ್ತದೆ, ಮುಂದುವರಿಸುವ ಮನಸ್ಸಿಲ್ಲ. ಹಳೆಯ ಲೆಕ್ಕವನ್ನು ಸರಿಯಾಗಿ ನೋಡಿ ಇಳಿಸಿಟ್ಟುಕೊಳ್ಳುವುದು ಹೇಗೆ? ಮಗಳು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ, ಬೇಕಾದರೆ ಅವಳು ಕೈಜೋಡಿಸುತ್ತಾಳೆ.

ಉತ್ತರ: ಬೋರಿನ ಲಾರಿಯವರಿಗೆ ಅಡ್ವಾನ್ಸ್ ಕೊಟ್ಟಿಲ್ಲ ತಾನೆ? ಕೊಟ್ಟಿಲ್ಲವಾದರೆ ಒಂದು ವಾರ ತಡೆಯಿರಿ. ಅಣ್ಣನವರ ಮಾತು ನಿಜವೇ ಇರಬಹುದು, ಆದರೆ ಈ ಗ್ರಾಫು ಅದಕ್ಕೆ ಸಾಕ್ಷಿಯಲ್ಲ. ಪರದೆಯ ಮೇಲೆ ಕಾಣುವ ಗೆರೆ ನಿಮ್ಮ ಸೆನ್ಸರ್ ಬರೆದದ್ದಲ್ಲ. ಸೆನ್ಸರ್ ಬರೆದದ್ದನ್ನು ಪ್ಲಾಟ್‌ಫಾರ್ಮು (ಲೆಕ್ಕ ಕೂಡಿಟ್ಟು ಮೊಬೈಲಿಗೆ ತೋರಿಸುವ ಕಂಪನಿಯ ವ್ಯವಸ್ಥೆ) ತನ್ನ ಅನುಕೂಲಕ್ಕೆ ಕುಗ್ಗಿಸಿ ತೋರಿಸಿದ್ದು.

ಲೆಕ್ಕ ಹಾಕಿ ನೋಡಿ. ಹದಿನೈದು ನಿಮಿಷಕ್ಕೊಂದು ಎಂದರೆ ದಿನಕ್ಕೆ 96, ವರ್ಷಕ್ಕೆ 35,040 ಅಳತೆ. ನಿಮ್ಮ ಲ್ಯಾಪ್‌ಟಾಪಿನ ಪರದೆಯಲ್ಲಿ ಗ್ರಾಫಿಗೆ ಸಿಗುವ ಅಗಲ ಸುಮಾರು 1,200 ಚುಕ್ಕಿ ಎಂದಿಟ್ಟುಕೊಳ್ಳಿ. ಒಂದು ವರ್ಷ ತೋರಿಸು ಎಂದಾಗ ಒಂದೊಂದು ಚುಕ್ಕಿಗೆ 29 ಅಳತೆ, ಅಂದರೆ ಏಳು ಗಂಟೆಯ ಲೆಕ್ಕ ತುರುಕಬೇಕು. ಹೆಚ್ಚಿನ ಪ್ಲಾಟ್‌ಫಾರ್ಮುಗಳು ಅದರ ಸರಾಸರಿ ತೆಗೆದು ಒಂದು ಚುಕ್ಕಿ ಇಡುತ್ತವೆ. ಡ್ರಿಪ್ ಬಿಟ್ಟಾಗ ಶೇ 22 ಇದ್ದ ತೇವ ಎರಡು ಗಂಟೆ ಶೇ 34ಕ್ಕೆ ಏರಿ ಮತ್ತೆ ಇಳಿಯಿತು ಅನ್ನಿ. ಏಳು ಗಂಟೆಯ ಸರಾಸರಿಯಲ್ಲಿ ಅದು ಶೇ 25ರ ಆಸುಪಾಸು. ನೀವು ನೀರು ಬಿಟ್ಟ ಗುರುತೇ ಹೆಚ್ಚುಕಡಿಮೆ ಅಳಿಸಿಹೋಯಿತು.

ಇದು ಪರದೆಯ ಕುಗ್ಗುವಿಕೆ. ಹತ್ತಿರ ಹೋಗಿ ಒಂದೇ ದಿನ ಆರಿಸಿದರೆ ಹಲ್ಲುಗಳು ಮತ್ತೆ ಎದ್ದು ಬರುತ್ತವೆ. ಇನ್ನೊಂದು ಬಗೆಯ ಕುಗ್ಗುವಿಕೆ ಇದೆ, ಅದಕ್ಕೆ ವಾಪಸಾತಿ ಇಲ್ಲ. ಸರ್ವರಿನಲ್ಲಿ, ಅಂದರೆ ಲೆಕ್ಕ ಇಡುವ ತಮ್ಮ ಕಂಪ್ಯೂಟರಿನಲ್ಲಿ, ಜಾಗ ಉಳಿಸಲು ಕಂಪನಿಗಳು ಇಂತಿಷ್ಟು ದಿನ ದಾಟಿದ ಮೂಲ ಅಳತೆಗಳನ್ನು ಅಳಿಸಿ, ಗಂಟೆಗೊಂದೋ ದಿನಕ್ಕೊಂದೋ ಸರಾಸರಿ ಮಾತ್ರ ಇಟ್ಟುಕೊಳ್ಳುತ್ತವೆ. ಆ ಅವಧಿ 90 ದಿನವೋ ಒಂದು ವರ್ಷವೋ ಎಂಬುದು ನೀವು ಕಟ್ಟಿದ ಚಂದಾದ ಮೇಲೆ ನಿಂತಿರುತ್ತದೆ.

ನಿಮ್ಮಲ್ಲಿ ಆಗಿರುವುದು ಯಾವುದು ಎಂದು ತಿಳಿಯಲು ಒಂದು ನಿಮಿಷ ಸಾಕು. 2025ರ ಏಪ್ರಿಲ್ 10ನ್ನು ಮಾತ್ರ ಆರಿಸಿ, ಚುಕ್ಕಿಗಳನ್ನು ಎಣಿಸಿ. 96ರ ಹತ್ತಿರ ಇದ್ದರೆ ಮೂಲ ಲೆಕ್ಕ ಜೀವಂತ ಇದೆ. 24 ಇದ್ದರೆ ಗಂಟೆಯ ಸರಾಸರಿ ಉಳಿದಿದೆ. ಒಂದೇ ಚುಕ್ಕಿ ಇದ್ದರೆ ದಿನದ ಸರಾಸರಿ ಬಿಟ್ಟು ಬೇರೇನೂ ಇಲ್ಲ. ಹೋದ ಏಪ್ರಿಲ್ ನುಣುಪು, ಈ ಏಪ್ರಿಲ್ ಗರಗಸ ಎಂದಿರಲ್ಲ, ಅದನ್ನು ಕೇಳಿದರೆ ಒಂದೇ ಚುಕ್ಕಿ ಸಿಗುತ್ತದೆ ಎಂದು ನನ್ನ ಅನುಮಾನ. ಹಾಗಿದ್ದರೆ ಹೋದ ವರ್ಷ ನಿಮ್ಮ ಮಣ್ಣು ತಿಂಗಳಿಡೀ ಒಂದೇ ಹದದಲ್ಲಿ ಇರಲಿಲ್ಲ. ಅದರ ಹಲ್ಲುಗಳನ್ನು ಸರ್ವರು ಉಜ್ಜಿಹಾಕಿದೆ, ಅಷ್ಟೆ.

ನನಗೂ ಇದು ಒಮ್ಮೆ ಚೆನ್ನಾಗಿ ಪಾಠ ಕಲಿಸಿದೆ. ದಾವಣಗೆರೆ ಹತ್ತಿರದ ಒಂದು ಮೆಕ್ಕೆಜೋಳದ ಗೋದಾಮಿಗೆ ಉಷ್ಣತೆಯ ಸೆನ್ಸರ್ ಹಾಕಿಕೊಟ್ಟಿದ್ದೆ. ಆರು ತಿಂಗಳ ಮೇಲೆ ಮಾಲು ಮುಗ್ಗಲು ಹಿಡಿದಿದೆ ಎಂದು ತಕರಾರು ಬಂತು. ಮಧ್ಯಾಹ್ನದ ಹೊತ್ತು ಎಷ್ಟು ಕಾವು ಏರಿತ್ತು ತೋರಿಸಿ ಎಂದರು. ತೆರೆದು ನೋಡಿದರೆ ಉಳಿದಿದ್ದು ದಿನದ ಸರಾಸರಿ ಮಾತ್ರ. ಎಲ್ಲ ದಿನವೂ ಒಂದೇ ರೀತಿ, ಎಲ್ಲವೂ ಸರಿ. ಮಧ್ಯಾಹ್ನದ ಕಾವೂ ನಸುಕಿನ ತಂಪೂ ಕೂಡಿ ಒಂದಕ್ಕೊಂದು ಮುಚ್ಚಿಹಾಕಿದ್ದವು. ಮೂಲ ಲೆಕ್ಕ ಎಷ್ಟು ದಿನ ಇರುತ್ತದೆ ಎಂದು ಮೊದಲ ದಿನವೇ ನಾನು ಕೇಳಬೇಕಿತ್ತು, ಕೇಳಿರಲಿಲ್ಲ.

ಈಗ ಬೋರಿಗೆ ಬರೋಣ, ಹೆಚ್ಚು ಹಣ ಹೋಗುವುದು ಅಲ್ಲೇ. ಮೋಟರು ನಿಂತಿದ್ದಾಗ ನೀರು 210 ಅಡಿಯಲ್ಲಿ, ಎತ್ತುತ್ತಿದ್ದಾಗ 290 ಅಡಿಯಲ್ಲಿ ಇರುತ್ತದೆ ಎಂದು ಉದಾಹರಣೆಗೆ ಹಿಡಿಯಿರಿ. ತ್ರೀ ಫೇಸ್ ಕರೆಂಟಿನ ಏಳು ಗಂಟೆಯೂ ಮೋಟರು ಓಡಿದರೆ ದಿನದ ಸರಾಸರಿ 233 ಅಡಿ. ನಾಲ್ಕೇ ಗಂಟೆ ಓಡಿದರೆ 223 ಅಡಿ. ನಿಮ್ಮ ಎರಡು ಅಂಕಿಗಳು ಇವೇ! ಹೋದ ಏಪ್ರಿಲ್‌ನಲ್ಲಿ ಎರಡು ಹದವಾದ ಮಳೆ ಬಿದ್ದು, ಇಲ್ಲವೇ ಕರೆಂಟು ಕೈಕೊಟ್ಟು ನೀವು ಮೋಟರು ಕಡಿಮೆ ಓಡಿಸಿದ್ದರೂ ಇಷ್ಟೇ ವ್ಯತ್ಯಾಸ ಬರುತ್ತದೆ. ಬೋರಿನಲ್ಲಿ ನೀರು ಒಂದಡಿಯೂ ಇಳಿದಿರಬೇಕಿಲ್ಲ. 233 ಅಡಿ ಎಂಬುದು ನೀರು ನಿಂತ ಮಟ್ಟವಲ್ಲ, ಮೇಲೆ ಕೆಳಗೆ ಹೋಗುವಾಗ ಹಾದುಹೋದ ಮಟ್ಟ ಮಾತ್ರ.

ಆದ್ದರಿಂದ ಬೋರಿಗೆ ಸರಾಸರಿ ಬೇಡ. ಇಳಿಸಿಕೊಳ್ಳುವಾಗ ಕನಿಷ್ಠ, ಗರಿಷ್ಠ ಎಂಬ ಆಯ್ಕೆ ಇದೆಯೇ ನೋಡಿ. ಮೂಲ ಲೆಕ್ಕ ಅಳಿಸಿದರೂ ಕೆಲವು ಕಡೆ ದಿನದ ಕನಿಷ್ಠ, ಗರಿಷ್ಠಗಳನ್ನು ಉಳಿಸಿರುತ್ತಾರೆ. ನೆಲಮಟ್ಟದಿಂದ ಅಡಿ ಲೆಕ್ಕ ಇದ್ದರೆ ಕನಿಷ್ಠ ಅಂಕಿಯೇ ಮೋಟರು ನಿಂತಾಗಿನ ಮಟ್ಟ. ಸೆನ್ಸರಿನ ಮೇಲೆ ಎಷ್ಟು ಅಡಿ ನೀರಿದೆ ಎಂಬ ಲೆಕ್ಕವಿದ್ದರೆ ಉಲ್ಟಾ, ಗರಿಷ್ಠವನ್ನು ನೋಡಬೇಕು. ಎರಡೂ ಏಪ್ರಿಲ್‌ಗಳಲ್ಲಿ ಅದು 210ರ ಹತ್ತಿರವೇ ಇದ್ದರೆ ಅಣ್ಣನವರನ್ನು ಸಮಾಧಾನ ಮಾಡಿ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿದೆ, ಮೂಲ ಲೆಕ್ಕವಿದ್ದರೆ ಮಾತ್ರ ಸಾಧ್ಯ: ಮೋಟರು ನಿಂತ ಮೇಲೆ ನೀರು ಮೊದಲಿನ ಮಟ್ಟಕ್ಕೆ ಬರಲು ಎಷ್ಟು ಹೊತ್ತು ಬೇಕಾಯಿತು? ಆರು ತಿಂಗಳ ಹಿಂದೆ ಒಂದು ಗಂಟೆಗೆ ಏರುತ್ತಿದ್ದ ನೀರಿಗೆ ಈಗ ಮೂರು ಗಂಟೆ ಬೇಕಾದರೆ ಒರತೆ ಸೊರಗುತ್ತಿದೆ ಎಂದರ್ಥ. ಆಗ ಅಣ್ಣನವರ ಮಾತಿಗೆ ತೂಕ ಬರುತ್ತದೆ. ಬೋರಿನ ನಾಡಿ ಹಿಡಿಯುವುದು ಅಲ್ಲಿ.

ಹೋದ ಏಪ್ರಿಲ್‌ನದು ದಿನದ ಸರಾಸರಿ ಮಾತ್ರ ಉಳಿದಿದ್ದರೆ ಈ ಏಪ್ರಿಲ್‌ನ ಮೂಲ ಲೆಕ್ಕವನ್ನೂ ನೀವೇ ದಿನದ ಸರಾಸರಿಗೆ ಇಳಿಸಿ, ಆಮೇಲೆ ಹೋಲಿಸಿ. ಸೇರಿನಲ್ಲಿ ಅಳೆದದ್ದನ್ನು ಸೇರಿನಲ್ಲಿ ಅಳೆದದ್ದರ ಜೊತೆಗೇ ಇಡಬೇಕು.

ನೀರಿನ ಮೀಟರಿನ 3,370 ಕೋಟಿ ಲೀಟರ್ ಓದಿ ನಗು ತಡೆಯಲಾಗಲಿಲ್ಲ, ಬೇಸರಿಸಬೇಡಿ. ಅದು ಒಂದು ಟಿಎಂಸಿಗಿಂತ ಹೆಚ್ಚು. ಮೂರು ಎಕರೆಗೆ ಅಷ್ಟು ಬಿಟ್ಟಿದ್ದರೆ ಊರವರು ದೋಣಿ ತರಬೇಕಿತ್ತು. ಆಗಿರುವುದಿಷ್ಟು: ನಿಮ್ಮ ಮೀಟರು ಮನೆಯ ಕರೆಂಟು ಮೀಟರಿನಂತೆ ಹಾಕಿದ ದಿನದಿಂದ ಒಟ್ಟು ಎಷ್ಟಾಯಿತು ಎಂದು ತೋರಿಸುತ್ತದೆ. ಏಪ್ರಿಲ್ ಮೊದಲಿಗೆ 1,12,40,000, ಕೊನೆಗೆ 1,21,75,000 ಎಂಬಂಥ ಅಂಕಿಗಳು ನಿಮ್ಮ ಕಾಲಂನಲ್ಲಿ ಇರಬೇಕು. ಅಂಥ 2,880 ಸಾಲುಗಳನ್ನು ಒಟ್ಟಿಗೆ ಕೂಡಿಸಿದ್ದೀರಿ. ಮಾಡಬೇಕಾದದ್ದು ಕಳೆಯುವ ಲೆಕ್ಕ. ಕೊನೆಯದರಲ್ಲಿ ಮೊದಲನೆಯದನ್ನು ಕಳೆದರೆ ಇಲ್ಲಿ 9,35,000 ಲೀಟರ್. ತಿಂಗಳಿಗೆ ಮೂರು ಎಕರೆ ಅಡಿಕೆಗೆ ಅದು ನಂಬುವಂಥ ಅಂಕಿ. ನಡುವೆ ಮೀಟರು ಬದಲಿಸಿ ಸೊನ್ನೆಯಿಂದ ಶುರುವಾಗಿದ್ದರೆ ಬದಲಿಸುವ ಮೊದಲಿನದು, ನಂತರದ್ದು ಬೇರೆಬೇರೆ ಕಳೆದು ಕೂಡಿಸಿ.

ಇಲ್ಲೊಂದು ಅದೃಷ್ಟವಿದೆ. ಇಂಥ ಏರುತ್ತಲೇ ಹೋಗುವ ಅಂಕಿಯನ್ನು ಸರಾಸರಿ ಅಷ್ಟಾಗಿ ಕೆಡಿಸುವುದಿಲ್ಲ. ಹೋದ ವರ್ಷದ ಏಪ್ರಿಲ್ 1ರ ದಿನದ ಸರಾಸರಿಯನ್ನು ಮೇ 1ರದ್ದರಲ್ಲಿ ಕಳೆಯಿರಿ, ಆ ತಿಂಗಳ ನೀರು ಹೆಚ್ಚುಕಡಿಮೆ ಸರಿಯಾಗಿಯೇ ಸಿಗುತ್ತದೆ. ಅದು ಐದೂವರೆ ಲಕ್ಷ ಲೀಟರಿನ ಹತ್ತಿರ ಬಂದರೆ, ಮೋಟರು ಏಳರ ಬದಲು ನಾಲ್ಕು ಗಂಟೆ ಓಡಿತ್ತು ಎಂಬ ನನ್ನ ಊಹೆಗೆ ಪಕ್ಕಾ ಆಧಾರ ಸಿಕ್ಕಂತೆ. ಬೋರಿನ ಕನಿಷ್ಠ, ಗರಿಷ್ಠ ಅಳಿಸಿಹೋಗಿದ್ದರೂ ಈ ದಾರಿ ತೆರೆದಿರುತ್ತದೆ.

ಮಳೆಮಾಪಕದ್ದು ಮತ್ತೆ ಬೇರೆ. ಅದರೊಳಗಿನ ಪುಟ್ಟ ಬಟ್ಟಲು ತುಂಬಿ ಮಗುಚಿದಾಗಲೆಲ್ಲ 0.2 ಮಿಲಿಮೀಟರಿನಂತೆ ಒಂದು ಎಣಿಕೆ ಬೀಳುತ್ತದೆ. ಆ ಕಾಲಂ ಅನ್ನು ಕೂಡಿಸಲೇಬೇಕು, ಸರಾಸರಿ ತೆಗೆದರೆ ಅರ್ಥವಿಲ್ಲ. ತಾಲ್ಲೂಕಿನ ಮಳೆ ಲೆಕ್ಕದ ಜೊತೆ ಹೋಲಿಸುವುದಾದರೆ ಇನ್ನೊಂದು ತೊಡಕು: ಹವಾಮಾನ ಇಲಾಖೆಯ ಒಂದು ದಿನದ ಮಳೆ ಎಂದರೆ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ. ನಿಮ್ಮ ಪ್ಲಾಟ್‌ಫಾರ್ಮಿನ ದಿನ ನಡುರಾತ್ರಿಗೆ ಮುಗಿಯುತ್ತದೆ. ರಾತ್ರಿ ಒಂಬತ್ತಕ್ಕೆ ಶುರುವಾಗಿ ಎರಡಕ್ಕೆ ನಿಂತ ಮಳೆ ಅವರ ಲೆಕ್ಕದಲ್ಲಿ ಒಂದೇ ದಿನದ್ದು, ನಿಮ್ಮಲ್ಲಿ ಎರಡು ದಿನಕ್ಕೆ ಹಂಚಿಹೋಗಿರುತ್ತದೆ. ತಿಂಗಳ ಮೊತ್ತಕ್ಕೆ ಹೆಚ್ಚು ಬಾಧಕವಿಲ್ಲ, ದಿನದಿನದ ಹೋಲಿಕೆಗೆ ಬಾಧಕ.

ಮೋಟರಿನ ಹೊತ್ತು ತಪ್ಪಿದ್ದೂ ಇದೇ ಜಾತಿಯ ತೊಂದರೆ. ಸರ್ವರುಗಳು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಬರೆದುಕೊಳ್ಳುತ್ತವೆ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಪರದೆಯಲ್ಲಿ ತೋರಿಸುವಾಗ ನಮ್ಮ ಸಮಯಕ್ಕೆ ತಿರುಗಿಸುತ್ತಾರೆ, ಫೈಲಿಗೆ ಇಳಿಸುವಾಗ ಮರೆಯುತ್ತಾರೆ. ಸೆಟ್ಟಿಂಗ್‌ನಲ್ಲಿ ಟೈಮ್ ಝೋನ್ ಇದ್ದರೆ ಕೋಲ್ಕತ್ತ ಎಂದು ಆರಿಸಿ, ಭಾರತದ ಸಮಯ ಆ ಹೆಸರಿನಲ್ಲೇ ಇರುತ್ತದೆ. ಇಲ್ಲವಾದರೆ ಎಕ್ಸೆಲ್‌ನಲ್ಲಿ ಹೊಸ ಕಾಲಂ ಮಾಡಿ ಹಳೆಯ ಸಮಯಕ್ಕೆ 5.5/24 ಅನ್ನು ಕೂಡಿಸಿ. ಕೆಲವು ಫೈಲುಗಳಲ್ಲಿ ದಿನಾಂಕದ ಬದಲು ಹದಿಮೂರು ಅಂಕಿಯ ಉದ್ದನೆಯ ಸಂಖ್ಯೆ ಇರುತ್ತದೆ. ಅದು 1970ರ ಜನವರಿ 1ರಿಂದ ಕಳೆದ ಮಿಲಿಸೆಕೆಂಡುಗಳು. ಅದನ್ನು 8,64,00,000ರಿಂದ ಭಾಗಿಸಿ 25,569 ಕೂಡಿಸಿ, ಮೇಲಿನ ಐದೂವರೆ ಗಂಟೆಯನ್ನೂ ಕೂಡಿಸಿ, ಸೆಲ್ಲಿಗೆ ದಿನಾಂಕದ ರೂಪ ಕೊಡಿ. ಹತ್ತೇ ಅಂಕಿ ಇದ್ದರೆ ಅದು ಸೆಕೆಂಡು, ಆಗ 86,400ರಿಂದ ಭಾಗಿಸಿ.

ಇಳಿಸಿಕೊಳ್ಳುವ ಕೆಲಸಕ್ಕೆ ಬಂದರೆ, ಎರಡು ವರ್ಷವನ್ನು ಒಂದೇ ಸಲಕ್ಕೆ ಕೇಳಬೇಡಿ. ಕೇಳಿದರೆ ಒಂದೋ ಸರ್ವರು ಮುಗ್ಗರಿಸುತ್ತದೆ, ಇಲ್ಲವೇ ಸದ್ದಿಲ್ಲದೆ ಸರಾಸರಿ ಕೊಟ್ಟು ಕಳಿಸುತ್ತದೆ. ಥಿಂಗ್‌ಸ್ಪೀಕ್‌ನಂಥ ಪ್ಲಾಟ್‌ಫಾರ್ಮಿನಲ್ಲಿ ಒಂದು ಕೋರಿಕೆಗೆ ಸಿಗುವುದು ಹೆಚ್ಚೆಂದರೆ 8,000 ದಾಖಲೆ. ನಿಮ್ಮ ವೇಗದಲ್ಲಿ ಅದು 83 ದಿನಕ್ಕೇ ಮುಗಿಯಿತು. ಗ್ರಾಫಾನಾ ಎಂಬ ಗ್ರಾಫ್ ತೋರಿಸುವ ತಂತ್ರಾಂಶದಲ್ಲಿ ಗ್ರಾಫಿನ ಮೆನುವಿನಿಂದ ಇನ್‌ಸ್ಪೆಕ್ಟ್, ಡೇಟಾ ಎಂದು ಹೋಗಿ ಸಿಎಸ್‌ವಿ (ಎಕ್ಸೆಲ್ ಓದಬಲ್ಲ ಸರಳ ಪಟ್ಟಿಯ ಫೈಲು) ಇಳಿಸಬಹುದು, ಆದರೆ ಬರುವುದು ಆ ಗ್ರಾಫಿಗೆ ತಂದುಕೊಂಡ ಚುಕ್ಕಿಗಳು ಮಾತ್ರ. ಗ್ರಾಫು ಕುಗ್ಗಿದ್ದರೆ ಫೈಲೂ ಕುಗ್ಗಿದ್ದೇ. ನಿಮ್ಮ ಪ್ಲಾಟ್‌ಫಾರ್ಮು ಯಾವುದೇ ಇರಲಿ, ತಿಂಗಳಿಗೊಂದು ಫೈಲು ಮಾಡಿ. ಸರಾಸರಿ ಎಂಬಲ್ಲಿ 'ಬೇಡ' ಅಥವಾ 'ರಾ ಡೇಟಾ' (ಮೂಲ ಲೆಕ್ಕ) ಆರಿಸಿ, ಪಿಡಿಎಫ್ ಬಿಟ್ಟು ಸಿಎಸ್‌ವಿ ಕೇಳಿ. ಬಂದ ಫೈಲಿನ ಸಾಲು ಎಣಿಸಿ. ಸಮಯಕ್ಕೊಂದು ಸಾಲಿನಂತೆ 30 ದಿನದ ತಿಂಗಳಿಗೆ 2,880, 31ಕ್ಕೆ 2,976 ಇರಬೇಕು. 720 ಬಂದರೆ ಯಾರೋ ಗಂಟೆಯ ಸರಾಸರಿ ಕೊಟ್ಟಿದ್ದಾರೆ. ಸ್ವಲ್ಪ ಕಡಿಮೆ ಇದ್ದರೆ ನಡುವೆ ಲೆಕ್ಕ ತಪ್ಪಿದೆ. ಸೆನ್ಸರಿಗೊಂದು ಸಾಲು ಬರೆಯುವ ಫೈಲಾದರೆ ಇದನ್ನು ಸೆನ್ಸರುಗಳ ಸಂಖ್ಯೆಯಿಂದ ಗುಣಿಸಿಕೊಳ್ಳಿ. ಎಕ್ಸೆಲ್‌ನ ಒಂದು ಹಾಳೆಯಲ್ಲಿ ಹಿಡಿಸುವುದು 10,48,576 ಸಾಲು ಮಾತ್ರ, ತಿಂಗಳಿಗೊಂದು ಫೈಲಿದ್ದರೆ ಆ ಚಿಂತೆಯೇ ಇಲ್ಲ.

ಇಳಿಸಿದ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದು, ಸೇವ್ ಮಾಡಿ ಮುಚ್ಚುವ ಅಭ್ಯಾಸ ಬಿಡಿ. ಮೂಲ ಫೈಲು ಒಂದು ಫೋಲ್ಡರಿನಲ್ಲಿ ಯಾರೂ ಮುಟ್ಟದಂತೆ ಇರಲಿ, ಪ್ರತಿಯ ಮೇಲೆ ಕೆಲಸ ಮಾಡಿ. ಎಕ್ಸೆಲ್ ದಿನಾಂಕದ ವಿಷಯದಲ್ಲಿ ಅತಿಬುದ್ಧಿವಂತ. ಕಂಪ್ಯೂಟರು ಅಮೆರಿಕದ ಕ್ರಮದಲ್ಲಿದ್ದರೆ 05/04 ಎಂಬ ಏಪ್ರಿಲ್ 5ನ್ನು ಮೇ 4 ಮಾಡಿಬಿಡುತ್ತದೆ. 13ನೇ ತಾರೀಖಿನಿಂದ ಮುಂದೆ ತಿಂಗಳೇ ಸಿಗದೆ ಬರೀ ಅಕ್ಷರ ಎಂದು ಬಿಟ್ಟು ಎಡಕ್ಕೆ ಒತ್ತರಿಸುತ್ತದೆ. ದಿನಾಂಕದ ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ನಿಂತಿದ್ದರೆ ಈ ರೋಗ ಬಡಿದಿದೆ ಎಂದು ತಿಳಿಯಿರಿ. ಸೆನ್ಸರುಗಳಿಗೆ 'ಕೆರೆ ಕಡೆ ಸಾಲು' ಎಂದೆಲ್ಲ ಕನ್ನಡದಲ್ಲಿ ಹೆಸರಿಟ್ಟಿದ್ದರೆ ಅವು ಹುಳ ಹರಿದಂತೆ ಕಾಣಬಹುದು. ಎರಡಕ್ಕೂ ಮದ್ದು ಒಂದೇ: ಖಾಲಿ ಹಾಳೆ ತೆರೆದು ಡೇಟಾ ಮೆನುವಿನಿಂದ ಸಿಎಸ್‌ವಿ ಒಳಗೆ ತನ್ನಿ, ಅಲ್ಲಿ ಕನ್ನಡ ಅಕ್ಷರ ಸರಿಯಾಗಿ ಓದಿಸುವ ಯುಟಿಎಫ್-8 ಆರಿಸಿ, ದಿನಾಂಕ ಯಾವ ಕ್ರಮದ್ದು ಎಂದು ನೀವೇ ಹೇಳಿ.

ಸಮಯದ ಕಾಲಂನಲ್ಲಿ ಪ್ರತಿ ಸಾಲಿನಿಂದ ಅದರ ಹಿಂದಿನ ಸಾಲನ್ನು ಕಳೆದರೆ ಲೆಕ್ಕ ತಪ್ಪಿದ ಜಾಗಗಳು ಕಣ್ಣಿಗೆ ಬೀಳುತ್ತವೆ. ಹದಿನೈದು ನಿಮಿಷ ದಾಟಿದಲ್ಲೆಲ್ಲ ಕರೆಂಟೋ ಸಿಮ್ಮೋ ಕೈಕೊಟ್ಟಿದೆ. ಗ್ರಾಫಿನಲ್ಲಿ ಇದು ತಿಳಿಯುವುದಿಲ್ಲ, ಎರಡು ತುದಿಗೆ ನೆಟ್ಟಗೆ ಒಂದು ಗೆರೆ ಎಳೆದು ಮುಚ್ಚಿಬಿಡುತ್ತದೆ. ಕೆಲವು ಕಡೆ ಖಾಲಿ ಜಾಗಕ್ಕೆ ಸೊನ್ನೆ ತುಂಬುತ್ತಾರೆ. ಹಸಿರಾಗಿರುವ ಅಡಿಕೆ ತೋಟದ ಮಣ್ಣಿನಲ್ಲಿ ತೇವ ಸೊನ್ನೆ ಎಂದರೆ ಸೆನ್ಸರು ಮಾತಾಡಿಲ್ಲ ಎಂದೇ ಅರ್ಥ. ಅಂಥ ಸಾಲು ಬಿಟ್ಟು ಸರಾಸರಿ ತೆಗೆಯಿರಿ.

ಇನ್ನು ಯಾವ ಫೈಲಿನಲ್ಲೂ ಸಿಗದ ಒಂದು ಲೆಕ್ಕ ಇದೆ. ಈ ಎರಡು ವರ್ಷದಲ್ಲಿ ತೋಟಕ್ಕೆ ಕೆರೆಗೋಡು (ಕೆರೆಯ ಹೂಳುಮಣ್ಣು) ಹೊಡೆಸಿದ್ದೀರಾ? ನಮ್ಮ ಕಡೆ ಹೊಡೆಸದವರು ಕಡಿಮೆ. ಅರ್ಧ ಅಡಿ ಮಣ್ಣು ಏರಿದರೆ ಒಂದು ಅಡಿ ಆಳದಲ್ಲಿ ಹೂತ ಸೆನ್ಸರು ಈಗ ಒಂದೂವರೆ ಅಡಿ ಆಳದ್ದು. ಗೋಡಿನ ಮಣ್ಣು ನೀರು ಹಿಡಿಯುವ ರೀತಿಯೂ ಬೇರೆ. ಅಲ್ಲಿಂದಾಚೆಗಿನ ಅಂಕಿಗಳನ್ನು ಹಿಂದಿನವುಗಳ ಜೊತೆ ಕಣ್ಣುಮುಚ್ಚಿ ಹೋಲಿಸುವಂತಿಲ್ಲ. ಮಾರಿಕಣಿವೆಯ ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿದ್ದಾಗ 1933ರ ನಂತರ ಇದೇ ಮೊದಲು ಎಂದು ಹಿರಿಯೂರಿನವರು ಖಚಿತವಾಗಿ ಹೇಳಿದರು. 89 ವರ್ಷದ ಅಂತರದಲ್ಲೂ ಹಾಗೆ ಹೇಳಲು ಸಾಧ್ಯವಾದದ್ದು ಅಲ್ಲಿ ಕೋಡಿಯ ಮಟ್ಟ 130 ಅಡಿ ಎಂಬುದು ಕದಲದೆ ಇರುವುದರಿಂದ. ನಿಮ್ಮ ಸೆನ್ಸರಿನ 'ಅಡಿ' ಗೋಡಿನ ಜೊತೆ ಕದಲುತ್ತದೆ. ಹಾಗಾಗಿ ಒಂದು ನೋಟ್‌ಬುಕ್ಕಿನಲ್ಲಿ ಸೆನ್ಸರು ಯಾವ ಸಾಲಿನ ಯಾವ ಮರದ ಬುಡದಲ್ಲಿದೆ, ಆಳ ಎಷ್ಟು, ಮಣ್ಣು ಹೊಡೆಸಿದ್ದು, ಮೀಟರು ಬದಲಿಸಿದ್ದು ಯಾವಾಗ ಎಂದು ನೆನಪಿದ್ದಷ್ಟು ಬರೆದು, ಅದರ ಫೋಟೋವನ್ನೂ ಫೈಲುಗಳ ಜೊತೆಗಿಡಿ.

ಮಗಳಿಗೆ ಹೇಳಬಹುದಾದ ಕೆಲಸ: ಪ್ಲಾಟ್‌ಫಾರ್ಮಿನಲ್ಲಿ ಎಪಿಐ (ಪ್ರೋಗ್ರಾಂ ಮೂಲಕವೇ ಲೆಕ್ಕ ಕೇಳಿ ಪಡೆಯುವ ದಾರಿ) ಇದ್ದರೆ ಇಪ್ಪತ್ತು ಸಾಲಿನ ಪೈಥಾನ್ ಪ್ರೋಗ್ರಾಂ ಬರೆದು ತಿಂಗಳು ತಿಂಗಳು ತಾನಾಗಿ ಇಳಿಯುವಂತೆ ಮಾಡಬಹುದು. ಓದಲು ಮಾತ್ರ ಅನುಮತಿ ಇರುವ ಕೀ (ಪಾಸ್‌ವರ್ಡಿನಂಥ ಗುರುತು) ಬಳಸಲಿ, ಅದನ್ನು ಯಾವ ವಾಟ್ಸಾಪ್ ಗುಂಪಿಗೂ ಹಾಕುವುದು ಬೇಡ. ಕಂಪನಿಗೆ ಫೋನಿನಲ್ಲಿ ಕೇಳುವ ಬದಲು ಇಮೇಲ್ ಬರೆಯಿರಿ: ಮೂಲ ಅಳತೆ ಎಷ್ಟು ದಿನ ಇಡುತ್ತೀರಿ, ಚಂದಾ ಮುಗಿದ ಮೇಲೆ ಎಷ್ಟು ದಿನ ತೆರೆದಿರುತ್ತದೆ, 2025ರ ಏಪ್ರಿಲ್‌ನ ಮೂಲ ಲೆಕ್ಕ ನಿಮ್ಮ ಬ್ಯಾಕಪ್‌ನಲ್ಲಿ ಇದೆಯೇ. ಕೇಳಿದರೆ ಕೆಲವೊಮ್ಮೆ ಸಿಗುತ್ತದೆ.

ಉತ್ತರ ಬರುವವರೆಗೆ ಕಾಯಬೇಡಿ. ನನ್ನ ಅನುಮಾನದಂತೆ ಮೂಲ ಲೆಕ್ಕ ಒಂದು ವರ್ಷ ಮಾತ್ರ ಇರುವುದಾದರೆ 2025ರ ಮೇ ತಿಂಗಳಿನದು ದಿನಕ್ಕೊಂದರಂತೆ ಈಗಲೇ ಅಳಿಯುತ್ತಿದೆ. ಇವತ್ತು ಸಂಜೆ ಆ ತಿಂಗಳಿಂದ ಶುರು ಮಾಡಿ, ಆಮೇಲೆ ಜೂನ್, ಜುಲೈ ಎಂದು ಈಚೆಗೆ ಬನ್ನಿ. ಈ ಏಪ್ರಿಲ್‌ನದು ಎಲ್ಲಿಗೂ ಓಡಿಹೋಗುವುದಿಲ್ಲ, ಅದನ್ನು ಕೊನೆಗೆ ಇಳಿಸಿಕೊಂಡರಾಯಿತು.